ಸೈಟ್ ಕೆಟ್ಟಿದೆಯೋ, ಯಾರಾದರೂ ತಡೆದಿದ್ದಾರೋ?

ಮೊಬೈಲ್‌ನಲ್ಲಿ ಒಂದು ವೆಬ್‌ಸೈಟ್ ತೆರೆಯದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಡೇಟಾ ಆಫ್ ಮಾಡಿ ಆನ್ ಮಾಡುತ್ತೇವೆ. ಆಮೇಲೆ ಏರೋಪ್ಲೇನ್ ಮೋಡ್. ಅದಕ್ಕೂ ಬಗ್ಗದಿದ್ದರೆ ಫೋನನ್ನೇ ರೀಸ್ಟಾರ್ಟ್ ಮಾಡುತ್ತೇವೆ. ಕೊನೆಗೆ ‘ದರಿದ್ರ ನೆಟ್‌ವರ್ಕ್’ ಎಂದು ಬೈದು ರೀಲ್ಸ್ ನೋಡಲು ಹೋಗುತ್ತೇವೆ. ರೀಲ್ಸ್ ಮಾತ್ರ ಸಲೀಸಾಗಿ ಓಡುತ್ತಿರುತ್ತವೆ! ಅಂದರೆ ನೆಟ್‌ವರ್ಕ್ ಸರಿಯಾಗಿಯೇ ಇದೆ. ಹಾಗಾದರೆ ಆ ಒಂದು ಸೈಟ್ ಮಾತ್ರ ಏಕೆ ತೆರೆಯಲಿಲ್ಲ ಎಂದು ಕೇಳುವವರು ಕಡಿಮೆ.

ನಾನು ಕಂಪ್ಯೂಟರ್ ಸೈನ್ಸ್ ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು 2025ರ ಫೆಬ್ರುವರಿಯಲ್ಲಿ. ತಮಿಳಿನ ‘ವಿಕಟನ್’ ಹೆಸರನ್ನು ನೀವು ಕೇಳಿರಬಹುದು. 1926ರಲ್ಲಿ ಶುರುವಾದ ‘ಆನಂದ ವಿಕಟನ್’ ಪತ್ರಿಕೆಯ ಬಳಗ ಅದು. ಅದರ ಡಿಜಿಟಲ್ ಪತ್ರಿಕೆಯೊಂದರಲ್ಲಿ, ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪಕ್ಕದಲ್ಲಿ ಪ್ರಧಾನಿ ನರೇಂದ್ರ ಮೋದಿ ಸರಪಳಿ ತೊಟ್ಟು ಕುಳಿತಂತೆ ಒಂದು ವ್ಯಂಗ್ಯಚಿತ್ರ ಬಂದಿತ್ತು. ಫೆಬ್ರುವರಿ 15ರ ಹೊತ್ತಿಗೆ ವಿಕಟನ್ ಸೈಟ್ ಹಲವು ಕಡೆ ತೆರೆಯುತ್ತಿಲ್ಲ ಎಂದು ಓದುಗರು ಹೇಳತೊಡಗಿದರು. ಆ ಕ್ಷಣದಲ್ಲಿ ಪತ್ರಿಕೆಯವರ ಕೈಯಲ್ಲೂ ಯಾವ ಆದೇಶದ ಪ್ರತಿ ಇರಲಿಲ್ಲ.

ನಮ್ಮ ಹಾಸ್ಟೆಲ್ ರೂಮಿನಲ್ಲಿ ಹೊಸೂರಿನ ಹುಡುಗನೊಬ್ಬ ಇದ್ದಾನೆ. ಅವನ ಮನೆಯಲ್ಲಿ ಅಜ್ಜಿಯ ಕಾಲದಿಂದ ವಿಕಟನ್ ಓದುತ್ತಾರೆ. ‘ನಿನ್ನೆಯಿಂದ ಓಪನ್ ಆಗ್ತಿಲ್ಲ ಕಣೋ’ ಎಂದ. ಒಬ್ಬ ‘ಸರ್ವರ್ ಡೌನ್ ಇರ್ಬೇಕು ಬಿಡು’ ಎಂದ. ಇನ್ನೊಬ್ಬ ‘ಗವರ್ನಮೆಂಟ್ ಬ್ಲಾಕ್ ಮಾಡಿದೆ, ಬರೆದಿಟ್ಕೋ’ ಎಂದ. ಮತ್ತೊಬ್ಬ ‘ಮೊದ್ಲು ನಿನ್ ಡೇಟಾ ಪ್ಯಾಕ್ ಇದ್ಯಾ ನೋಡೋ’ ಎಂದು ನಕ್ಕ. ಎಲ್ಲರೂ ಎಂಜಿನಿಯರಿಂಗ್ ಓದುವವರೇ. ಆದರೆ ಯಾರ ಮಾತಿಗೂ ಪುರಾವೆ ಇರಲಿಲ್ಲ. ಪುರಾವೆ ಹುಡುಕುವುದು ಹೇಗೆ ಎಂಬುದೇ ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಆಯಿತು. ಅದರಲ್ಲಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಇಂಟರ್‌ವ್ಯೂ ಪ್ರಶ್ನೆಯಲ್ಲೇ ಇದೆ ಉತ್ತರ

ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ತಯಾರಾಗುವವರಿಗೆಲ್ಲ ಗೊತ್ತಿರುವ ಒಂದು ಹಳೆಯ ಪ್ರಶ್ನೆ ಇದೆ: ‘ಬ್ರೌಸರ್‌ನಲ್ಲಿ ಒಂದು ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಏನೇನು ನಡೆಯುತ್ತದೆ?’ ನಾವು ಇದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತೇವೆ. ಒಂದು ಸೈಟನ್ನು ಎಲ್ಲೆಲ್ಲಿ ತಡೆಯಬಹುದು ಎಂಬ ನಕ್ಷೆಯೂ ಇದೇ ಉತ್ತರದಲ್ಲಿದೆ ಎಂದು ನನಗೆ ಹೊಳೆದದ್ದು ಪ್ರಾಜೆಕ್ಟ್ ಮಾಡುವಾಗ.

ಮೊದಲ ಹಂತ ಡಿಎನ್‌ಎಸ್. ನಾವು ಟೈಪ್ ಮಾಡುವುದು ಹೆಸರು, ಕಂಪ್ಯೂಟರ್‌ಗೆ ಬೇಕಾದದ್ದು ಐಪಿ ಎಂಬ ಸಂಖ್ಯೆ. ಬಸ್ ಸ್ಟ್ಯಾಂಡಿನ ವಿಚಾರಣಾ ಕೌಂಟರ್‌ನಲ್ಲಿ ‘ಹೊಸಪೇಟೆ ಬಸ್ ಯಾವ ಪ್ಲಾಟ್‌ಫಾರ್ಮ್?’ ಎಂದು ಕೇಳುವ ಹಾಗೆ, ಫೋನ್ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಸಾಮಾನ್ಯವಾಗಿ ಈ ಕೌಂಟರ್ ನಮ್ಮ ಇಂಟರ್‌ನೆಟ್ ಕಂಪನಿಯದ್ದೇ. ಅವರು ‘ಆ ಊರಿಗೆ ಬಸ್ಸೇ ಇಲ್ಲ’ ಎಂದರೆ ಅಥವಾ ಬೇಕೆಂದೇ ಬೇರೆ ಪ್ಲಾಟ್‌ಫಾರ್ಮ್ ತೋರಿಸಿದರೆ ನಮ್ಮ ಪ್ರಯಾಣ ಅಲ್ಲೇ ಮುಗಿಯಿತು.

ಎರಡನೆಯದು ಟಿಸಿಪಿ ಸಂಪರ್ಕ. ಸಿಕ್ಕ ಸಂಖ್ಯೆಗೆ ಫೋನ್ ಮಾಡಿದ ಹಾಗೆ. ಕಂಪನಿ ಆ ಸಂಖ್ಯೆಯ ದಾರಿಯನ್ನೇ ಮುಚ್ಚಿದರೆ ಕರೆ ಹೋಗುವುದೇ ಇಲ್ಲ. ಆದರೆ ಇಂದು ಒಂದೇ ಐಪಿ ಸಂಖ್ಯೆಯ ಹಿಂದೆ ನೂರಾರು ಸೈಟ್‌ಗಳು ಇರಬಹುದು. ಒಂದನ್ನು ಮುಚ್ಚಲು ಹೋದರೆ ಸಂಬಂಧವಿಲ್ಲದ ಉಳಿದವೂ ಮುಚ್ಚುತ್ತವೆ.

ಮೂರನೆಯದು ಟಿಎಲ್‌ಎಸ್, ಅಂದರೆ ಬ್ರೌಸರ್‌ನ ಬೀಗದ ಗುರುತಿನ ಹಿಂದಿರುವ ಗೂಢಲಿಪಿ ವ್ಯವಸ್ಥೆ. ಹಿಂದಿನ ಎಚ್‌ಟಿಟಿಪಿ ಸೈಟ್‌ಗಳು ಪೋಸ್ಟ್ ಕಾರ್ಡಿನ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಈಗಿನ ಎಚ್‌ಟಿಟಿಪಿಎಸ್ ಅಂಟಿಸಿದ ಲಕೋಟೆ. ಒಳಗೇನಿದೆ ಎಂದು ಕಾಣುವುದಿಲ್ಲ. ಆದರೆ ಲಕೋಟೆಯ ಮೇಲೆ ಸೈಟಿನ ಹೆಸರು ಬರೆದಿರಲೇಬೇಕಲ್ಲ? ಆ ಹೆಸರಿಗೆ ಎಸ್‌ಎನ್‌ಐ ಎನ್ನುತ್ತಾರೆ. ಅದನ್ನು ಮುಚ್ಚುವ ಹೊಸ ತಂತ್ರಜ್ಞಾನ ಈಗ ಬರುತ್ತಿದೆಯಾದರೂ ಹೆಚ್ಚಿನ ಸೈಟ್‌ಗಳ ಹೆಸರು ಇನ್ನೂ ಬಯಲಲ್ಲೇ ಹೋಗುತ್ತದೆ. ಕಂಪನಿಯ ಯಂತ್ರ ಆ ಹೆಸರನ್ನು ಓದಿ, ಪಟ್ಟಿಯಲ್ಲಿದ್ದರೆ ಸಂಪರ್ಕವನ್ನು ಕತ್ತರಿಸಬಹುದು. ನಮಗೆ ಕಾಣುವುದು ‘ಕನೆಕ್ಷನ್ ರೀಸೆಟ್’ ಎಂಬ ಒಣ ಸಾಲು ಮಾತ್ರ.

ನಾಲ್ಕನೆಯದು ಪುಟವೇ ಬರುವ ಹಂತ. ಬೀಗವಿಲ್ಲದ ಎಚ್‌ಟಿಟಿಪಿ ಸೈಟ್ ಆದರೆ ಕಂಪನಿ ಅಸಲಿ ಪುಟದ ಬದಲು ‘ಸಕ್ಷಮ ಪ್ರಾಧಿಕಾರದ ಆದೇಶದ ಮೇರೆಗೆ ತಡೆಹಿಡಿಯಲಾಗಿದೆ’ ಎಂಬ ಅರ್ಥದ ಪುಟವನ್ನು ತೋರಿಸಬಹುದು. ಇದಕ್ಕೆ ಬ್ಲಾಕ್ ಪೇಜ್ ಎನ್ನುತ್ತಾರೆ. ನಾಲ್ಕರಲ್ಲಿ ಇದೊಂದೇ ಪ್ರಾಮಾಣಿಕ, ಏಕೆಂದರೆ ತಡೆದಿದ್ದೇವೆ ಎಂದು ಇದು ಬಾಯಿಬಿಟ್ಟು ಹೇಳುತ್ತದೆ. ಉಳಿದ ಮೂರರಲ್ಲಿ ತಡೆಯೂ ಒಂದೇ, ತಾಂತ್ರಿಕ ದೋಷವೂ ಒಂದೇ ಥರ ಕಾಣುತ್ತವೆ.

ಹೇಳದೆ ಹಾಕುವ ಬೀಗ

ಸರ್ಕಾರಕ್ಕೆ ಸೈಟ್ ತಡೆಯುವ ಅಧಿಕಾರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಆ ಅಧಿಕಾರ ಕೊಟ್ಟಿದೆ. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ ಇಂಥ ಕಾರಣಗಳಿಗೆ ಮಾತ್ರ, ಕಾರಣವನ್ನು ಬರೆದಿಟ್ಟು ಆದೇಶ ಮಾಡಬೇಕು. 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 66ಎ ಸೆಕ್ಷನ್ ರದ್ದು ಮಾಡಿತು. ಆದರೆ 69ಎ ಅನ್ನು ಎತ್ತಿಹಿಡಿಯಿತು. ಕಾರಣ ಬರೆಯಬೇಕು, ಸಂಬಂಧಪಟ್ಟವರ ಮಾತು ಕೇಳಬೇಕು ಎಂಬ ಕಾಪುಗಳು ಅದರಲ್ಲಿವೆ ಎಂಬುದು ನ್ಯಾಯಾಲಯ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು.

ತೊಡಕು ಇರುವುದು 2009ರ ನಿಯಮಗಳಲ್ಲಿ. ತಡೆ ಕೋರಿ ಬಂದ ಮನವಿ ಮತ್ತು ಅದರ ಮೇಲಿನ ಕ್ರಮ ಗೋಪ್ಯವಾಗಿರಬೇಕು ಎಂದು 16ನೇ ನಿಯಮ ಹೇಳುತ್ತದೆ. ತುರ್ತು ಸಂದರ್ಭದಲ್ಲಿ ಮೊದಲು ತಡೆದು, 48 ಗಂಟೆಯೊಳಗೆ ಸಮಿತಿಯ ಮುಂದೆ ಇಡಲು ಇನ್ನೊಂದು ನಿಯಮ ಅವಕಾಶ ಕೊಡುತ್ತದೆ. ಹೀಗಾಗಿ ಯಾವ ಸೈಟ್ ತಡೆಯಲಾಗಿದೆ, ಏಕೆ, ಎಷ್ಟು ದಿನಕ್ಕೆ ಎಂಬುದು ಓದುಗನಿಗೆ ತಿಳಿಯುವ ದಾರಿಯೇ ಇಲ್ಲ. ಎಷ್ಟೋ ಸಲ ಸೈಟಿನ ಯಜಮಾನನಿಗೂ ತಿಳಿಯುವುದಿಲ್ಲ. ಇಲ್ಲೊಂದು ಸೋಜಿಗ ನೋಡಿ: ಇಡೀ ಊರಿನ ಇಂಟರ್‌ನೆಟ್ ನಿಲ್ಲಿಸಿದರೆ ಆ ಆದೇಶವನ್ನು ಪ್ರಕಟಿಸಬೇಕು ಎಂದು 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಸೈಟ್ ನಿಲ್ಲಿಸಿದರೆ ಮಾತ್ರ ಆದೇಶ ಗೋಪ್ಯ!

ಪತ್ರಕರ್ತ ತನುಲ್ ಠಾಕೂರ್ ವರದಕ್ಷಿಣೆ ಪದ್ಧತಿಯನ್ನು ಲೇವಡಿ ಮಾಡಲೆಂದೇ ‘ಡೌರಿ ಕ್ಯಾಲ್ಕುಲೇಟರ್’ ಎಂಬ ಸೈಟ್ ಮಾಡಿದ್ದರು. ಹುಡುಗನ ಓದು, ಸಂಬಳ ಹಾಕಿದರೆ ಅದು ‘ರೇಟು’ ಹೇಳುತ್ತಿತ್ತು. 2018ರಲ್ಲಿ ಅದನ್ನು ತಡೆಯಲಾಯಿತು. ಆದೇಶದ ಪ್ರತಿ ಕೊಟ್ಟು ಅವರ ಮಾತು ಕೇಳಿ ಎಂದು ದೆಹಲಿ ಹೈಕೋರ್ಟ್ ನಿರ್ದೇಶನ ಕೊಟ್ಟದ್ದು 2022ರ ಮೇ ತಿಂಗಳಲ್ಲಿ. ತನ್ನದೇ ಸೈಟಿಗೆ ಏಕೆ ಬೀಗ ಬಿತ್ತು ಎಂಬ ಕಾಗದಕ್ಕಾಗಿ ಸುಮಾರು ನಾಲ್ಕು ವರ್ಷ!

ಆದೇಶ ಗುಟ್ಟಾಗಿದ್ದರೂ ಅದರ ಪರಿಣಾಮವನ್ನು ಗುಟ್ಟಾಗಿಡಲು ಆಗುವುದಿಲ್ಲ. ಬೀಗ ಹಾಕಿದವರು ಹೇಳದಿದ್ದರೂ ಬಾಗಿಲು ತಟ್ಟಿ ನೋಡಿದವರಿಗೆ ಗೊತ್ತಾಗುತ್ತದೆ. ಅಳೆಯುವುದು ಎಂದರೆ ಇದೇ.

ಒಂದೇ ದೇಶ, ಬೇರೆ ಬೇರೆ ಇಂಟರ್‌ನೆಟ್

ಆದೇಶ ಹೊರಡುವುದು ದೆಹಲಿಯಿಂದ. ಅದನ್ನು ಜಾರಿಗೆ ತರುವುದು ಪ್ರತಿಯೊಂದು ಇಂಟರ್‌ನೆಟ್ ಕಂಪನಿ. ತಡೆಯಿರಿ ಎಂದು ಹೇಳಲಾಗುತ್ತದೆಯೇ ಹೊರತು, ಯಾವ ತಂತ್ರ ಬಳಸಿ ತಡೆಯಬೇಕು ಎಂದಲ್ಲ. ಆದ್ದರಿಂದ ಪ್ರತಿ ಕಂಪನಿ ತನ್ನ ಬಳಿ ಇರುವ ಯಂತ್ರಕ್ಕೆ ತಕ್ಕಂತೆ ಮಾಡುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಅಳೆದವರು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಯ ಜೊತೆ ಕೆಲಸ ಮಾಡಿದ ಕುಶಾಗ್ರ ಸಿಂಗ್, ಗುರ್‌ಶಬದ್ ಗ್ರೋವರ್ ಮತ್ತು ವರುಣ್ ಬನ್ಸಲ್. 2019ರ ಕೊನೆಗೆ ಹೊರಬಂದ ಅವರ ಅಧ್ಯಯನದಲ್ಲಿ ತಡೆಯಾಗಿರಬಹುದಾದ 4,379 ಸೈಟ್‌ಗಳ ಪಟ್ಟಿ ಇತ್ತು. ಏಸಿಟಿ, ಏರ್‌ಟೆಲ್, ಬಿಎಸ್‌ಎನ್‌ಎಲ್, ಜಿಯೊ, ಎಂಟಿಎನ್‌ಎಲ್, ವೊಡಾಫೋನ್ ಈ ಆರು ಜಾಲಗಳಲ್ಲಿ ಒಂದೊಂದನ್ನೂ ಪರೀಕ್ಷಿಸಿದರು. 4,033 ಸೈಟ್‌ಗಳು ಕನಿಷ್ಠ ಒಂದು ಜಾಲದಲ್ಲಾದರೂ ತಡೆಯಾಗಿದ್ದವು. ಆರೂ ಜಾಲಗಳಲ್ಲಿ ತಡೆಯಾಗಿದ್ದವು ಎಷ್ಟು ಗೊತ್ತೇ? 1,115 ಮಾತ್ರ. ನೂರಕ್ಕೆ ಇಪ್ಪತ್ತೆಂಟು ಎಂದುಕೊಳ್ಳಿ.

ಈ ಅಂಕಿ ಓದಿದಾಗ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಎಲ್ಲರಿಗೂ ಒಂದೇ ಕಾನೂನು. ಆದರೂ ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ಬಗೆಯ ಇಂಟರ್‌ನೆಟ್. ಕೆಲವು ಕಂಪನಿಗಳು ಆದೇಶವನ್ನು ಪೂರ್ತಿ ಪಾಲಿಸುತ್ತಿಲ್ಲ, ಇಲ್ಲವೇ ಆದೇಶವಿಲ್ಲದೆಯೂ ತಡೆಯುತ್ತಿವೆ. ಯಾವುದು ನಿಜವಾದರೂ ಗ್ರಾಹಕನಿಗೆ ಗೊತ್ತಾಗುವಂತಿಲ್ಲ. ತಂತ್ರದಲ್ಲೂ ಹೀಗೇ: ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಡಿಎನ್‌ಎಸ್ ಹಂತದಲ್ಲಿ ತಡೆಯುತ್ತಿದ್ದರೆ, ಜಿಯೊ ಲಕೋಟೆಯ ಮೇಲಿನ ಹೆಸರು ಓದುವ ಎಸ್‌ಎನ್‌ಐ ವಿಧಾನವನ್ನು ಬಳಸುತ್ತಿದ್ದುದು ಆ ಅಧ್ಯಯನದಲ್ಲಿ ಕಂಡಿತು.

ಅದಕ್ಕೂ ಮೊದಲು, 2018ರಲ್ಲಿ ದೆಹಲಿಯ ಐಐಐಟಿ ಸಂಶೋಧಕರು ಇನ್ನೊಂದು ಕುತೂಹಲದ ಸಂಗತಿ ತೋರಿಸಿದ್ದರು. ಕೆಲವು ಸಣ್ಣ ಜಾಲಗಳು ತಾವಾಗಿ ಏನನ್ನೂ ತಡೆಯದಿದ್ದರೂ ಅವುಗಳ ಗ್ರಾಹಕರಿಗೆ ಸೈಟ್ ತೆರೆಯುತ್ತಿರಲಿಲ್ಲ. ಏಕೆಂದರೆ ಅವರ ಸಂದೇಶ ದೊಡ್ಡ ಕಂಪನಿಯ ಜಾಲದ ಮೂಲಕ ಹಾದುಹೋಗಬೇಕು, ತಡೆ ಅಲ್ಲಿತ್ತು. ಮೇಲಿನ ಗದ್ದೆಯವನು ನಾಲೆಗೆ ಕಟ್ಟೆ ಹಾಕಿದರೆ ಕೆಳಗಿನ ಗದ್ದೆ ಒಣಗುತ್ತದಲ್ಲ, ಹಾಗೆ.

ನಾವು ಮಾಡಿದ ಪ್ರಾಜೆಕ್ಟ್

ನಮ್ಮದು ಇಷ್ಟು ದೊಡ್ಡ ಅಧ್ಯಯನವಲ್ಲ. ಮೂರು ಬೇರೆ ಬೇರೆ ಕಂಪನಿಗಳ ಸಿಮ್, ಊರಿನಿಂದ ದಿನಾ ಓಡಾಡುವ ಗೆಳೆಯನ ಮನೆಯ ಬ್ರಾಡ್‌ಬ್ಯಾಂಡ್, ಹೀಗೆ ನಾಲ್ಕು ಜಾಲ. ಎರಡು ವಾರ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬಳಸಿದ್ದು ಊನಿ ಪ್ರೋಬ್ ಎಂಬ ಉಚಿತ ಆ್ಯಪ್. 2012ರಲ್ಲಿ ಟಾರ್ ಪ್ರಾಜೆಕ್ಟ್‌ನ ಆಶ್ರಯದಲ್ಲಿ ಶುರುವಾದ ಊನಿ ಯೋಜನೆ ಜಗತ್ತಿನ ಎಲ್ಲೆಡೆಯ ಸ್ವಯಂಸೇವಕರಿಂದ ಇಂಥ ಅಳತೆಗಳನ್ನು ಸಂಗ್ರಹಿಸಿ ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಯಾವ ಸೈಟ್‌ಗಳನ್ನು ಪರೀಕ್ಷಿಸಬೇಕು ಎಂಬ ದೇಶವಾರು ಪಟ್ಟಿಗಳನ್ನು ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಶುರು ಮಾಡಿತು. ನಾವು ಸುದ್ದಿ ಮಾಧ್ಯಮದ ವಿಭಾಗವನ್ನು ಮಾತ್ರ ಆರಿಸಿಕೊಂಡೆವು.

ಆ್ಯಪ್ ಮಾಡುವ ಕೆಲಸ ಸರಳ. ಒಂದೇ ಸೈಟನ್ನು ನಿಮ್ಮ ಫೋನಿನಿಂದಲೂ, ತಡೆಯಿಲ್ಲದ ದೂರದ ಸರ್ವರ್‌ನಿಂದಲೂ ತೆರೆದು ನೋಡುತ್ತದೆ. ಡಿಎನ್‌ಎಸ್ ಉತ್ತರ, ಸಂಪರ್ಕ, ಬಂದ ಪುಟ ಎಲ್ಲವನ್ನೂ ಹೋಲಿಸುತ್ತದೆ. ಎರಡೂ ಕಡೆ ಒಂದೇ ಇದ್ದರೆ ಸರಿ. ವ್ಯತ್ಯಾಸ ಇದ್ದರೆ ‘ಅಸಹಜ’ ಎಂದು ಗುರುತು ಹಾಕುತ್ತದೆ. ‘ಖಚಿತ ತಡೆ’ ಎಂದು ಹೇಳುವುದು ಈಗಾಗಲೇ ಗುರುತಿಸಲಾದ ಬ್ಲಾಕ್ ಪೇಜ್‌ನಂಥ ಸ್ಪಷ್ಟ ಗುರುತು ಸಿಕ್ಕಾಗ ಮಾತ್ರ. ಈ ಎರಡು ಪದಗಳ ನಡುವಿನ ಅಂತರವೇ ನಮ್ಮ ಇಡೀ ಪ್ರಾಜೆಕ್ಟ್ ಎನ್ನಬಹುದು.

ಶುರು ಮಾಡುವ ಮೊದಲೇ ನಮ್ಮ ಗೈಡ್ ಮೇಡಂ ಒಂದು ಮಾತು ಹೇಳಿದ್ದರು: ‘ನಿಮ್ಮ ರಿಪೋರ್ಟ್‌ನಲ್ಲಿ ಬ್ಲಾಕ್ ಅನ್ನೋ ಪದ ಬರೆಯೋಕೆ ಮುಂಚೆ, ಅದು ಬ್ಲಾಕ್ ಅಲ್ಲದೇ ಇರೋಕೆ ಇರೋ ಎಲ್ಲಾ ಕಾರಣಾನೂ ಬರೀರಿ.’ ನಾವು ಗೋಡೆಗೆ ಹಾಳೆ ಅಂಟಿಸಿ ಪಟ್ಟಿ ಮಾಡಿದೆವು. ಸೈಟ್ ಮುಚ್ಚಿಹೋಗಿರಬಹುದು. ಸರ್ವರ್ ಕೆಟ್ಟಿರಬಹುದು. ಕೆಲವು ವಿದೇಶಿ ಪತ್ರಿಕೆಗಳು ತಾವೇ ಬೇರೆ ದೇಶದ ಓದುಗರನ್ನು ದೂರ ಇಡುತ್ತವೆ. ಕೆಲವು ಸೈಟ್‌ಗಳು ಆ್ಯಪನ್ನು ರೋಬಾಟ್ ಎಂದುಕೊಂಡು ‘ನೀವು ಮನುಷ್ಯರೇ?’ ಎಂದು ಕೇಳುತ್ತವೆ. ಹಾಸ್ಟೆಲ್ ರೂಮಿನ ಮೂಲೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರಬಹುದು. ಫೋನಿನಲ್ಲಿ ವಿಪಿಎನ್ ಆನ್ ಇದ್ದರೆ ಅಳೆಯುತ್ತಿರುವುದು ನಮ್ಮ ಜಾಲವನ್ನೇ ಅಲ್ಲ. ಇನ್ನು ಕಾಲೇಜಿನ ವೈಫೈಗೆ ತನ್ನದೇ ಫೈರ್‌ವಾಲ್ ಇರುತ್ತದೆ. ಅದು ಕ್ರಿಕೆಟ್ ಸ್ಕೋರ್ ಸೈಟನ್ನೂ ತಡೆಯುತ್ತದೆ. ಅದಕ್ಕೆ ದೆಹಲಿ ಹೊಣೆಯಲ್ಲ, ನಮ್ಮ ಸಿಸ್ಟಂ ಅಡ್ಮಿನ್ ಹೊಣೆ! ಹಾಗಾಗಿ ಕಾಲೇಜು ವೈಫೈಯನ್ನು ಮೊದಲೇ ಕೈಬಿಟ್ಟೆವು.

ಎರಡು ವಾರದ ನಂತರ ದೊಡ್ಡ ಕೋಷ್ಟಕ ಸಿದ್ಧವಾಯಿತು. ಸಾಲಿನಲ್ಲಿ ಸೈಟ್‌ಗಳು, ಕಂಬದಲ್ಲಿ ಜಾಲಗಳು. ಓದುವ ಬಗೆ ಹೀಗೆ.

ಸೈಟ್ ನಾಲ್ಕೂ ಜಾಲಗಳಲ್ಲಿ ತೆರೆಯದೆ ದೂರದ ಸರ್ವರ್‌ನಿಂದಲೂ ತೆರೆಯದಿದ್ದರೆ, ಅದು ಕೆಟ್ಟಿದೆ. ಅದಕ್ಕೊಂದು ನಮಸ್ಕಾರ ಹಾಕಿ ಮುಂದೆ ಹೋಗಬೇಕು.

ದೂರದಿಂದ ತೆರೆದು, ನಮ್ಮ ನಾಲ್ಕು ಜಾಲಗಳಲ್ಲೂ ತೆರೆಯದಿದ್ದರೆ ಅನುಮಾನಿಸಬಹುದು. ಆದರೆ ಸೈಟಿನವರೇ ಭಾರತದ ಓದುಗರನ್ನು ಬಿಟ್ಟುಕೊಳ್ಳುತ್ತಿಲ್ಲದಿರಬಹುದು. ಯಾವ ಹಂತದಲ್ಲಿ ನಿಂತಿತು ಎಂದು ನೋಡಬೇಕು.

ಎರಡು ಜಾಲಗಳಲ್ಲಿ ತೆರೆದು ಎರಡರಲ್ಲಿ ತೆರೆಯದಿದ್ದರೆ ಅಲ್ಲಿ ಕಣ್ಣರಳಿಸಬೇಕು. ಸೈಟ್ ಜೀವಂತವಾಗಿದೆ, ಭಾರತಕ್ಕೂ ತೆರೆದಿದೆ, ಆದರೂ ಕೆಲವರಿಗೆ ಮಾತ್ರ ಸಿಗುತ್ತಿಲ್ಲ. ಅದರಲ್ಲೂ ಒಂದು ಜಾಲದಲ್ಲಿ ಡಿಎನ್‌ಎಸ್ ಹಂತದಲ್ಲೇ ತಪ್ಪು ಉತ್ತರ ಬಂದು, ಇನ್ನೊಂದರಲ್ಲಿ ಹೆಸರು ಕಂಡ ತಕ್ಷಣ ಸಂಪರ್ಕ ಕಡಿದು, ಹದಿನಾಲ್ಕು ದಿನವೂ ಹೀಗೇ ಆದರೆ ಅದು ಮಳೆಗೆ ಕೈಕೊಟ್ಟ ಟವರ್ ಅಲ್ಲ. ದೋಷಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.

ಅಂದರೆ ಒಂದೇ ಫೋನಿನಿಂದ ನೂರು ಸಲ ಪರೀಕ್ಷಿಸಿದರೂ ಸಿಗದ ಉತ್ತರ, ನಾಲ್ಕು ಬೇರೆ ಜಾಲಗಳಿಂದ ನಾಲ್ಕು ಸಲ ಪರೀಕ್ಷಿಸಿದರೆ ಸಿಗಬಹುದು. ಕಂಪನಿಗಳು ಬೇರೆ ಬೇರೆ ರೀತಿ ತಡೆಯುವುದು ಗ್ರಾಹಕನಿಗೆ ಅನ್ಯಾಯವಾದರೂ ಅಳೆಯುವವನಿಗೆ ಅದೇ ಸುಳಿವು. ನಮ್ಮ ಕೋಷ್ಟಕದಲ್ಲಿ ಬಹುಪಾಲು ಸುದ್ದಿ ಸೈಟ್‌ಗಳು ಎಲ್ಲ ಕಡೆ ತೆರೆದವು ಎಂಬುದನ್ನೂ ಹೇಳಬೇಕು. ‘ಅಸಹಜ’ ಎಂದು ಗುರುತಾದವುಗಳಲ್ಲಿ ಹಲವಕ್ಕೆ ಗೋಡೆಯ ಮೇಲಿನ ಪಟ್ಟಿಯಲ್ಲೇ ಕಾರಣ ಸಿಕ್ಕಿತು. ಕೊನೆಗೆ ಉಳಿದ ಕೆಲವೇ ಸಾಲುಗಳ ಎದುರು ನಾವು ಬರೆದದ್ದು ‘ತಡೆಯ ಲಕ್ಷಣಗಳಿವೆ’ ಎಂದು. ‘ಸರ್ಕಾರ ತಡೆದಿದೆ’ ಎಂದಲ್ಲ. ಸರ್ಕಾರ ತಡೆಯಿತೋ, ಕೋರ್ಟ್ ಆದೇಶವೋ, ಕಂಪನಿಯೇ ಮಾಡಿತೋ ಎಂಬುದನ್ನು ಪ್ಯಾಕೆಟ್‌ಗಳು ಹೇಳುವುದಿಲ್ಲ. ಅದನ್ನು ಆದೇಶದ ಕಾಗದವೇ ಹೇಳಬೇಕು.

ಹೊರಗಿನ ಎರಡು ಉದಾಹರಣೆ

ಇದು ನಮ್ಮ ದೇಶದ ಕತೆ ಮಾತ್ರವಲ್ಲ. 2017ರ ಮೇ 24ರಂದು ಈಜಿಪ್ಟ್‌ನಲ್ಲಿ ಅಲ್ ಜಜೀರಾ, ಮದಾ ಮಸ್ರ್ ಸೇರಿ 21 ಸುದ್ದಿ ಸೈಟ್‌ಗಳು ತಡೆಯಾದ ಸುದ್ದಿ ಬಂತು. ಅಲ್ಲಿಂದ ಪಟ್ಟಿ ಬೆಳೆಯುತ್ತಲೇ ಹೋಯಿತು. ಊನಿ ಮತ್ತು ಅಲ್ಲಿನ ಅಭಿವ್ಯಕ್ತಿ ಸ್ವಾತಂತ್ರ್ಯ ಸಂಸ್ಥೆಯೊಂದು ಸೇರಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೂ ಹೆಚ್ಚು ಮಾಧ್ಯಮ ವಿಳಾಸಗಳು ತಡೆಯಾದಂತೆ ಕಂಡಿತ್ತು. ಬೇರೆ ಬೇರೆ ಜಾಲಗಳಿಂದ ತಿಂಗಳುಗಟ್ಟಲೆ ಸಂಗ್ರಹಿಸಿದ ಅಳತೆಗಳೇ ಅದಕ್ಕೆ ಆಧಾರ.

ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ, 2022ರ ಮಾರ್ಚ್ 4ರ ಹೊತ್ತಿಗೆ ಬಿಬಿಸಿ, ಡಾಯ್ಚೆ ವೆಲ್ಲೆ, ಮೆಡುಜಾ ಮುಂತಾದ ಸುದ್ದಿ ಸೈಟ್‌ಗಳು ಅಲ್ಲಿ ತೆರೆಯದಾದವು. ಕೆಲವೇ ದಿನಗಳಲ್ಲಿ ಬಂದ ಊನಿ ವರದಿ ಓದಿದರೆ ನಮ್ಮ ಕೋಷ್ಟಕದ ದೊಡ್ಡಣ್ಣನನ್ನು ನೋಡಿದ ಹಾಗಾಗುತ್ತದೆ. ಒಂದು ಜಾಲದಲ್ಲಿ ಬ್ಲಾಕ್ ಪೇಜ್, ಇನ್ನೊಂದರಲ್ಲಿ ಸಂಪರ್ಕ ಕಡಿತ, ಮತ್ತೊಂದರಲ್ಲಿ ಡಿಎನ್‌ಎಸ್ ತಿರುಚಾಟ. ಕೆಲವು ಜಾಲಗಳಲ್ಲಿ ಸೈಟ್ ಇನ್ನೂ ತೆರೆಯುತ್ತಲೇ ಇತ್ತು. ಯುದ್ಧದ ಸಮಯದಲ್ಲಿ ‘ಹೌದು’, ‘ಇಲ್ಲ’ ಎಂಬ ವಾದಗಳ ನಡುವೆ ದಿನಾಂಕ, ಜಾಲ, ಹಂತ ಸಮೇತ ದಾಖಲೆ ಉಳಿದದ್ದು ಅಳೆದವರಿಂದ.

ನಮಗೇನು?

‘ನಾನು ರಾಜಕೀಯ ಸುದ್ದಿ ಓದಲ್ಲ, ನನಗೇಕೆ?’ ಎನ್ನುವವರಿಗೆ ವಿಎಲ್‌ಸಿ ಪ್ಲೇಯರ್ ನೆನಪಿಸುತ್ತೇನೆ. ಸಿನಿಮಾ ನೋಡಲು ನಾವೆಲ್ಲ ಬಳಸುವ ಅದೇ ಕಿತ್ತಳೆ ಬಣ್ಣದ ಕೋನ್. ಅದರ ಅಧಿಕೃತ ಸೈಟ್ 2022ರಲ್ಲಿ ಭಾರತದ ಅನೇಕ ಜಾಲಗಳಲ್ಲಿ ತಿಂಗಳುಗಟ್ಟಲೆ ತೆರೆಯಲಿಲ್ಲ. ಅದನ್ನು ನಡೆಸುವ ವಿಡಿಯೊಲ್ಯಾನ್ ಸಂಸ್ಥೆ ಕಾನೂನು ನೋಟಿಸ್ ಕೊಟ್ಟ ಮೇಲೆ ನವೆಂಬರ್‌ನಲ್ಲಿ ತಡೆ ತೆರವಾಯಿತು. 2014ರ ಡಿಸೆಂಬರ್‌ನಲ್ಲಿ ತಡೆಯಾದ 32 ಸೈಟ್‌ಗಳ ಪಟ್ಟಿಯಲ್ಲಿ ಗಿಟ್‌ಹಬ್ ಕೂಡ ಇತ್ತು. ಕೋಡಿಂಗ್ ಮಾಡುವವರಿಗೆ ಗಿಟ್‌ಹಬ್ ಇಲ್ಲದ ದಿನ ಎಂದರೆ ಏನೆಂದು ಹೇಳಬೇಕಿಲ್ಲ.

ಸುದ್ದಿ ಸೈಟ್ ಆದರೆ ನಷ್ಟ ಇನ್ನೂ ಬೇರೆ. 2025ರ ಮೇ 9ರಂದು, ಭಾರತ–ಪಾಕಿಸ್ತಾನ ಸಂಘರ್ಷದ ನಡುವೆ ‘ದಿ ವೈರ್’ ಸೈಟ್ ತಡೆಯಾಯಿತು. ಒಂದು ವರದಿಯ ಕಾರಣಕ್ಕೆ ಇಡೀ ಸೈಟ್ ತಡೆಯಲಾಗಿತ್ತು ಎಂದು ಅವರಿಗೆ ಗೊತ್ತಾದದ್ದು ಆಮೇಲೆ. ಆ ವರದಿ ತೆಗೆದ ನಂತರ ಸೈಟ್ ಮರಳಿತು. ವಿಕಟನ್ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ, ವ್ಯಂಗ್ಯಚಿತ್ರವನ್ನು ತಾತ್ಕಾಲಿಕವಾಗಿ ತೆಗೆಯುವಂತೆ ಪತ್ರಿಕೆಗೂ, ತೆಗೆದ ಮೇಲೆ ಸೈಟ್ ಮೇಲಿನ ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೂ ಹೇಳಿತು. ಆ ಚಿತ್ರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಒಂದು ಪುಟಕ್ಕಾಗಿ ಅಡುಗೆ, ಸಿನಿಮಾ, ಕೃಷಿ, ಉದ್ಯೋಗ ಎಲ್ಲ ಪುಟಗಳೂ ಮುಚ್ಚಿಹೋದವು. ಲಕೋಟೆಯ ಮೇಲಿನ ಹೆಸರನ್ನಷ್ಟೇ ಓದಬಲ್ಲ ಯಂತ್ರಕ್ಕೆ ಒಂದು ಪುಟವನ್ನು ಮಾತ್ರ ತಡೆಯಲು ಬರುವುದಿಲ್ಲ. ತಡೆದರೆ ಇಡೀ ಸೈಟನ್ನೇ ತಡೆಯಬೇಕು. ಈ ತಾಂತ್ರಿಕ ಸತ್ಯ ಆದೇಶ ಬರೆಯುವವರಿಗೂ ಗೊತ್ತಿರಬೇಕು, ಓದುವ ನಮಗೂ ಗೊತ್ತಿರಬೇಕು.

ಊರಿಗೆ ಹೋದಾಗ ಅಪ್ಪನಿಗೆ ಪ್ರಾಜೆಕ್ಟ್ ಬಗ್ಗೆ ಹೇಳಿದೆ. ‘ಪೊಲೀಸ್ ಕೇಸ್ ಗೀಸ್ ಆಗಲ್ಲ ತಾನೆ ಮಗಾ? ನಾಳೆ ಕೆಲಸ ಸಿಗಬೇಕು ನಿನಗೆ’ ಎಂದರು. ರೂಮಿನಲ್ಲೂ ಇದೇ ಚರ್ಚೆ ನಡೆದಿತ್ತು. ರೆಸ್ಯೂಮೆಯಲ್ಲಿ ಇದನ್ನು ಹಾಕಬೇಕೋ ಬೇಡವೋ? ಒಬ್ಬ ‘ನೆಟ್‌ವರ್ಕ್ ಅನಾಲಿಸಿಸ್ ಅಂತ ಹಾಕಿ ಸುಮ್ಮನಿರೋಣ’ ಎಂದ. ನಾನು ಅಪ್ಪನಿಗೆ ಹೇಳಿದ್ದು ಇಷ್ಟು: ‘ನಾವು ಯಾರ ಬೀಗಾನೂ ಒಡೆದಿಲ್ಲಪ್ಪ. ಬಾಗಿಲು ತೆರೀತದೋ ಇಲ್ವೋ ಅಂತ ತಟ್ಟಿ ನೋಡಿ ಬರೆದಿಟ್ಟಿದೀವಿ.’ ಅಪ್ಪ ಪೂರ್ತಿ ಒಪ್ಪಿದರು ಎನ್ನಲಾರೆ. ಆದರೆ ರೆಸ್ಯೂಮೆಯಲ್ಲಿ ನಾನು ಪ್ರಾಜೆಕ್ಟಿನ ಪೂರ್ಣ ಹೆಸರನ್ನೇ ಹಾಕಿದ್ದೇನೆ. ಇಂಟರ್‌ವ್ಯೂನಲ್ಲಿ ಯಾರಾದರೂ ಆ ಹಳೆಯ ಪ್ರಶ್ನೆ ಕೇಳಿದರೆ ಬಾಯಿಪಾಠ ಒಪ್ಪಿಸುವ ಬದಲು, ನಾಲ್ಕೂ ಹಂತಗಳಲ್ಲಿ ನಾನೇ ಕಂಡದ್ದನ್ನು ಹೇಳಬಲ್ಲೆ. ವೈರ್‌ಶಾರ್ಕ್‌ನಲ್ಲಿ ಪ್ಯಾಕೆಟ್ ಓದುವುದು, ಪೈಥಾನ್‌ನಲ್ಲಿ ಸಾವಿರಾರು ಸಾಲಿನ ದತ್ತಾಂಶ ಜಾಲಾಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಗೊತ್ತಿರುವಷ್ಟನ್ನೇ ಹೇಳುವುದು, ಇವೆಲ್ಲ ಯಾವ ಕೆಲಸದಲ್ಲಾದರೂ ಉಪಯೋಗಕ್ಕೆ ಬರುವ ವಿದ್ಯೆ.

ನೀವೂ ಅಳೆಯಬೇಕೆಂದರೆ ಕೆಲವು ಮಾತು ನೆನಪಿಡಿ. ನೀವು ಪರೀಕ್ಷೆ ಮಾಡುತ್ತಿರುವುದು ನಿಮ್ಮ ಇಂಟರ್‌ನೆಟ್ ಕಂಪನಿಗೆ ಕಾಣುತ್ತದೆ. ಫಲಿತಾಂಶ ದೇಶ ಮತ್ತು ಜಾಲದ ಹೆಸರಿನ ಸಮೇತ ಬಹಿರಂಗವಾಗಿ ಪ್ರಕಟವಾಗುತ್ತದೆ. ಆ್ಯಪ್ ಶುರುವಿನಲ್ಲೇ ಈ ಎಚ್ಚರಿಕೆಗಳನ್ನು ಕೊಡುತ್ತದೆ, ಓದದೆ ‘ಓಕೆ’ ಒತ್ತಬೇಡಿ. ಬೇರೆಯವರ ಫೋನಿನಲ್ಲಿ ಅವರನ್ನು ಕೇಳದೆ ಮಾಡಬೇಡಿ. ವಿಪಿಎನ್ ಆಫ್ ಮಾಡಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಮ್ಮೆ, ಇನ್ನೊಂದು ಕಂಪನಿಯ ಸಿಮ್‌ನಲ್ಲಿ ಒಮ್ಮೆ ನೋಡಿ. ದಿನಾಂಕ, ಸಮಯ, ಜಾಲದ ಹೆಸರು, ಪರದೆಯ ಮೇಲೆ ಕಂಡ ಸಾಲು ಬರೆದಿಡಿ. ಮರುದಿನ ಮತ್ತೆ ನೋಡಿ.

ಇಷ್ಟು ಮಾಡುವ ತಾಳ್ಮೆ ಇಲ್ಲದಿದ್ದರೂ ಪರವಾಗಿಲ್ಲ. ಮುಂದಿನ ಸಲ ವಾಟ್ಸ್‌ಆ್ಯಪ್‌ನಲ್ಲಿ ‘ಆ ಸೈಟ್ ಬ್ಲಾಕ್ ಆಗಿದೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಂದೇಶ ಬಂದರೆ ಒಂದು ಪ್ರಶ್ನೆ ಕೇಳಿ: ‘ಯಾವ ನೆಟ್‌ವರ್ಕ್‌ನಲ್ಲಿ?’ ‘ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ’ ಎನ್ನುವವರಿಗೂ ಅದೇ ಪ್ರಶ್ನೆ ಕೇಳಿ. ಎರಡೂ ಕಡೆಯವರನ್ನು ಪುರಾವೆಯ ಹತ್ತಿರಕ್ಕೆ ಎಳೆದು ತರಲು ಆ ಒಂದು ಪ್ರಶ್ನೆ ಸಾಕು.